ನಾಲ್ಕನೇ ಪೆಟ್ಟಿಗೆಯ ಕರೆ

ನಾನು ಕಥೆ ಕಟ್ಟುವವಳಲ್ಲ. ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವಳು. ರೋಗಿಯ ಚಾರ್ಟಿನಲ್ಲಿ ಕಂಡದ್ದನ್ನು ಮಾತ್ರ, ಕಂಡ ಹೊತ್ತಿನ ಸಮೇತ ಬರೆದು ರೂಢಿ. ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ.

ನಿವೃತ್ತಿಯ ನಂತರ ದಾಂಡೇಲಿಯ ಒಂದು ಸಣ್ಣ ಟ್ರಸ್ಟಿನ ಆಂಬುಲೆನ್ಸ್ ಕಚೇರಿಯಲ್ಲಿ ಸಂಜೆ ಪಾಳಿ ನನ್ನದು. ಇರುವುದು ಒಂದೇ ಗಾಡಿ. ಡ್ರೈವರ್ ಇಮ್ತಿಯಾಜ್. ಜೋಯಿಡಾ ಕಡೆ ಕಾಡಿನೊಳಗೆ ಮೊಬೈಲ್ ಹತ್ತುವುದಿಲ್ಲವೆಂದು ಐದು ಕಡೆ ರಸ್ತೆ ಬದಿಗೆ ಕೆಂಪು ಗುಂಡಿಯ ಪೆಟ್ಟಿಗೆ ಕೂರಿಸಿದ್ದೆವು. ಗುಂಡಿ ಒತ್ತಿದರೆ ಪೆಟ್ಟಿಗೆಯ ಸಂಖ್ಯೆ, ಒತ್ತಿದ ಸಮಯ, ಹತ್ತು ಸೆಕೆಂಡಿನ ಧ್ವನಿ ರೇಡಿಯೊ ಮೂಲಕ ನಮ್ಮ ಕಂಪ್ಯೂಟರಿಗೆ ಬರಬೇಕು.

ಆದರೆ ಅದನ್ನು ಹಿಡಿದುಕೊಳ್ಳುವ ಏರ್ಪಾಡು ಇರಲಿಲ್ಲ. ಕಂಪ್ಯೂಟರಿನಲ್ಲಿದ್ದ ಮೈಕ್ರೋಸರ್ವಿಸ್ ಎಂಬ ಸಣ್ಣ ಪ್ರೋಗ್ರಾಮು ಗಾಡಿ ಎಲ್ಲಿದೆ ಎಂದು ಹೊರಗೆ ತಿಳಿಸುತ್ತಿತ್ತು, ಅಷ್ಟೇ. ಅದಕ್ಕೆ ಈವೆಂಟ್ ಹ್ಯಾಂಡ್ಲರ್, ಅಂದರೆ ಒಳಬರುವ ಸಂದೇಶ ಹಿಡಿದು ಗಂಟೆ ಬಾರಿಸುವ ಭಾಗ, ಸೇರಿಸಲು ಹಳಿಯಾಳದಿಂದ ಕಂಪ್ಯೂಟರ್ ಕೆಲಸದ ಹುಡುಗಿ ವಿದ್ಯಾ ಬಂದಿದ್ದಳು.

"ಇಷ್ಟ ದಿನ ಇದು ಬರೇ ಮಾತಾಡ್ತಿತ್ರಿ ಬಾಯಾರ. ಇನ್ನ ಮ್ಯಾಲ ಕೇಳ್ತೈತಿ," ಎಂದಳು.

ಸಂದೇಶದ ಸಮಯ ಸರಿಯಿದೆಯೇ ಎಂದು ಮೊದಲು ಪರೀಕ್ಷಿಸಲೇ, ತಪ್ಪಿದ್ದರೆ ಬಿಸಾಡಲೇ ಎಂದು ಕೇಳಿದಳು. ಬೇಡವೆಂದೆ. ಗಾಡಿ ಮೊದಲು, ವಿಚಾರಣೆ ಆಮೇಲೆ. ಅದು ನಾನು ಕಲಿತ ಶಿಸ್ತು. ಅವಳು ಪ್ರೋಗ್ರಾಮಿನಿಂದ ಆ ಸಾಲು ಅಳಿಸಿದಳು.

ಸಂಜೆ ಏಳು ಇಪ್ಪತ್ತೈದಕ್ಕೆ ಹ್ಯಾಂಡ್ಲರ್ ಚಾಲೂ ಆಯಿತು.

ಏಳು ಮೂವತ್ತೊಂದಕ್ಕೆ ಗಂಟೆ ಬಾರಿಸಿತು...

ಪೆಟ್ಟಿಗೆ ನಾಲ್ಕು. ಉಳವಿ ದಾರಿಯ ತಿರುವು. ಒತ್ತಿದ ಸಮಯ, ಎಂಟು ಐವತ್ತೆರಡು.

ಪೆಟ್ಟಿಗೆಯ ಗಡಿಯಾರ ಮುಂದೆ ಓಡುತ್ತಿದೆ ಎಂದಳು ವಿದ್ಯಾ. ಹಿಂದಿನ ದಿನವಷ್ಟೇ ಐದೂ ಪೆಟ್ಟಿಗೆಗಳಿಗೆ ನನ್ನ ಕೈಗಡಿಯಾರ ನೋಡಿ ಸಮಯ ಕೊಟ್ಟವಳು ನಾನೇ. ಆದರೂ ಹೊಸ ಯಂತ್ರ, ಇರಬಹುದು ಎಂದುಕೊಂಡೆ.

ಸಂದೇಶದ ಜೊತೆ ಬಂದ ಧ್ವನಿ ಹಾಕಿ ಕೇಳಿಸಿದಳು. ಮೊದಲು ಏನೂ ಇಲ್ಲ. ಆಮೇಲೆ ಉಸಿರು... ಎಳೆದು ಎಳೆದು ಬಿಡುವ ಉಸಿರು. ಅದರ ಹಿಂದೆ ಟಿಕ್... ಟಿಕ್... ಕಾದ ಕಬ್ಬಿಣ ಆರುವ ಸದ್ದು. ಕೋಣೆಯಲ್ಲಿ ಒಮ್ಮೆಲೇ ಸುಟ್ಟ ಎಂಜಿನ್ ಆಯಿಲಿನ ವಾಸನೆ ಬಂತು. ಗಾಡಿ ಮಧ್ಯಾಹ್ನದಿಂದ ಹೊರಗೆ ತಣ್ಣಗೆ ನಿಂತಿತ್ತು.

ಇಮ್ತಿಯಾಜ್ ಡಬ್ಬಿ ಬಿಚ್ಚಿ ಕೂತಿದ್ದ. ತಾನು ಊಟಕ್ಕೆ ಕೂತಾಗಲೇ ನಿಮ್ಮ ಪೆಟ್ಟಿಗೆಗೆ ಹೊಟ್ಟೆನೋವು ಬರಬೇಕೇ ಎಂದು ನಗುತ್ತಾ ಬಂದ. ಧ್ವನಿ ಕೇಳಿ ಅವನ ನಗು ನಿಂತಿತು.

"ಮನಶ್ಯಾ ಅದಾನ್ರಿ ಬಾಯಾರ. ಉಸರು ಹತ್ತವಲ್ದು ಅವಂಗ. ಹೋಗ್ತೇನಿ."

ಕಳಿಸಿದೆ. ಹೊರಟ ಸಮಯ ಬರೆದುಕೊಂಡೆ, ಏಳು ಮೂವತ್ತಾರು.

ಎಂಟು ಗಂಟೆಯ ಹೊತ್ತಿಗೆ ವಿದ್ಯಾ ಗಡಿಯಾರದ ದೋಷ ಹುಡುಕಲು ನಾಲ್ಕನೇ ಪೆಟ್ಟಿಗೆಗೆ ಈಗೆಷ್ಟು ಗಂಟೆ ಎಂದು ಕೇಳುವ ಸಂದೇಶ ಕಳಿಸಿದಳು. ಉತ್ತರ ಬಂತು. ಎಂಟು ಗಂಟೆ, ಎರಡು ನಿಮಿಷ. ನನ್ನ ಕೈಗಡಿಯಾರದಲ್ಲೂ ಅಷ್ಟೇ.

ಈವರೆಗೆ ಗುಂಡಿ ಎಷ್ಟು ಸಲ ಒತ್ತಿದ್ದಾರೆ ಎಂದೂ ಪೆಟ್ಟಿಗೆಯನ್ನು ಕೇಳಿದಳು.

ಒಂದು ಸಲವೂ ಇಲ್ಲ.

ಅಂದರೆ ಆ ಎಂಟು ಐವತ್ತೆರಡು ಇನ್ನೂ ಬರಬೇಕಿತ್ತು. ನಾನು ಇಮ್ತಿಯಾಜನಿಗೆ ಫೋನ್ ಹಚ್ಚಿದೆ. ಅವನು ಜೋಯಿಡಾ ದಾಟಿದ್ದ, ಸಿಗಲಿಲ್ಲ. ಮತ್ತೆ ಹಚ್ಚಿದೆ... ಮತ್ತೆ... ಕಡೆಗೆ ಜೋಯಿಡಾದಲ್ಲಿ ಪರಿಚಯದ ಜೀಪಿನವನೊಬ್ಬನಿಗೆ ಹೇಳಿ, ಆಂಬುಲೆನ್ಸ್ ಹಿಂದೆಯೇ ಹೋಗಿ ಅವನನ್ನು ನಿಲ್ಲಿಸು ಎಂದೆ.

ಎಂಟು ಐವತ್ತೆರಡಕ್ಕೆ ಇಬ್ಬರೂ ಪರದೆ ನೋಡುತ್ತಾ ಕೂತೆವು. ಗಂಟೆ ಬಾರಿಸಲಿಲ್ಲ. ಯಾವ ಸಂದೇಶವೂ ಬರಲಿಲ್ಲ. ಬರಬೇಕಾದದ್ದು ಆಗಲೇ ಬಂದಿತ್ತು.

ಜೀಪಿನವನು ತಿರುವು ಮುಟ್ಟಿದಾಗ ಒಂಬತ್ತಾಗಿತ್ತು. ಗಾಡಿ ರಸ್ತೆ ಬಿಟ್ಟು ಮರಕ್ಕೆ ಗುದ್ದಿ ನಿಂತಿತ್ತು, ಎಂಜಿನ್ ಇನ್ನೂ ಆರುತ್ತಿತ್ತು. ಇಮ್ತಿಯಾಜ್ ಪೆಟ್ಟಿಗೆಯ ಬುಡಕ್ಕೆ ಒರಗಿ ಬಿದ್ದಿದ್ದ. ಮೇಲೆ ಚಾಚಿದ ಕೈಯ ಬೆರಳು ಗುಂಡಿಯ ಮೇಲೇ ಇತ್ತು. ಪಕ್ಕೆಲುಬು ಮೂರು ಮುರಿದಿದ್ದವು. ಬದುಕಿದ.

ಆಸ್ಪತ್ರೆಯಲ್ಲಿ ನಾನು ಕೇಳಿದ್ದು ಒಂದೇ, ಗಾಡಿ ಯಾಕೆ ರಸ್ತೆಯಾಚೆ ತಿರುಗಿಸಿದೆ ಎಂದು. ಗೋಡೆ ನೋಡುತ್ತಾ ಹೇಳಿದ.

"ಪೆಟ್ಟಿಗಿ ಮುಂದ ಒಬ್ಬಾಂವ ಕುಂತಿದ್ದಾರಿ. ಅವನ್ನ ಉಳಸಾಕ ಹೋಗಿ ಹಿಂಗಾತು. ಇಳದು ನೋಡಿದ್ರ... ಯಾರೂ ಇಲ್ಲ."

ಎರಡು ತಿಂಗಳ ನಂತರ ಅವನು ಕೆಲಸಕ್ಕೆ ಮರಳಿದ. ಮುಂದಿನ ಸಮಯ ಹೊತ್ತು ಬರುವ ಸಂದೇಶ ಬಿಸಾಡುವ ಸಾಲು ಸೇರಿಸಲೇ ಎಂದು ವಿದ್ಯಾ ಎರಡು ಸಲ ಕೇಳಿದ್ದಾಳೆ. ನಾನಿನ್ನೂ ಹೂಂ ಅಂದಿಲ್ಲ. ಆ ಸಂದೇಶ ತೆಗೆದುಕೊಳ್ಳದಿದ್ದರೆ ಅವನು ಆ ತಿರುವಿಗೆ ಹೋಗುತ್ತಿರಲಿಲ್ಲ ಎಂಬುದು ನಿಜ. ಅವನ ಬದಲು ಬೇರೆ ಯಾರು ಅಲ್ಲಿ ಬೀಳುತ್ತಿದ್ದರು ಎಂಬುದು ನನಗೆ ಗೊತ್ತಿಲ್ಲ.

ಮೊನ್ನೆ ಒಬ್ಬಳೇ ಇದ್ದಾಗ ಇಯರ್‌ಫೋನ್ ಹಾಕಿ ಆ ಹತ್ತು ಸೆಕೆಂಡು ಮತ್ತೆ ಕೇಳಿದೆ. ರೋಗಿಯ ಉಸಿರು ಎಣಿಸುವುದು ನನ್ನ ಕೆಲಸವಾಗಿತ್ತು, ಅದರಲ್ಲಿ ನಾನು ತಪ್ಪುವುದಿಲ್ಲ. ಇಮ್ತಿಯಾಜನದು ಹರಿದ ಉಸಿರು, ನಾಲ್ಕು ಸಲ. ಅದರ ಪಕ್ಕದಲ್ಲೇ, ಪೆಟ್ಟಿಗೆಗೆ ಇನ್ನೂ ಹತ್ತಿರ, ಇನ್ನೊಂದು ಉಸಿರು... ನಿಧಾನ, ನೆಮ್ಮದಿಯಾಗಿ, ಎರಡೇ ಸಲ.

ಇಮ್ತಿಯಾಜನಿಗೆ ಹೇಳಿಲ್ಲ. ಈ ಸಂಜೆ ಉಳವಿ ದಾರಿಯ ಒಬ್ಬ ಬಾಣಂತಿಯನ್ನು ಮನೆಗೆ ಬಿಡಲು ಅವನೇ ಹೋಗಿದ್ದಾನೆ. ಹೊರಟ ಸಮಯ ಬರೆದುಕೊಂಡಿದ್ದೇನೆ. ಇನ್ನೂ ತಿರುಗಿ ಬಂದಿಲ್ಲ.