ತನ್ನ ಅಂಕಿಯನ್ನು ತಾನೇ ಇಳಿಸಿದ ಶೇಕಡಾ ಅಕ್ಕ

ಬೆಳಗಿನ ಐದೂಮುಕ್ಕಾಲು. ಗ್ಯಾಸ್ ಉರಿಸಿ ವಿದ್ಯುತ್ ತೆಗೆಯುವ ಸ್ಥಾವರದ ಅಂಗಳದಲ್ಲಿ ದೀಪಗಳು ಇನ್ನೂ ಆರಿಲ್ಲ. ಎರಡನೇ ಯಂತ್ರದ ಪಕ್ಕದ ಕಬ್ಬಿಣದ ಮೆಟ್ಟಿಲನ್ನು ಐವತ್ತೆರಡು ವರ್ಷದ ಹೆಂಗಸೊಬ್ಬರು ಒಂದೊಂದಾಗಿ ಹತ್ತುತ್ತಿದ್ದಾರೆ. ಕಿವಿಯಲ್ಲಿ ಹತ್ತಿ, ಅದರ ಮೇಲೆ ಕಿವಿಮುಚ್ಚಳ, ಬಗಲಲ್ಲಿ ರಟ್ಟಿನ ನೋಟ್‌ಬುಕ್, ಕೋಟಿನ ಜೇಬಿನಲ್ಲಿ ಎರಡು ಪೆನ್ಸಿಲ್. ನಲವತ್ತಾರು ಮೆಟ್ಟಿಲು ಮುಗಿದ ಮೇಲೆ ಯಂತ್ರ ಗಾಳಿ ಎಳೆದುಕೊಳ್ಳುವ ಬಾಯಿ. ಒಂದು ಕೋಣೆಯಷ್ಟು ದೊಡ್ಡ ಜಾಲರಿ. ಅಲ್ಲಿ ಸಿಕ್ಕಿಸಿದ ನಾಲ್ಕು ಥರ್ಮಾಮೀಟರ್‌ಗಳನ್ನು ಓದಿ ಅವರು ಬರೆದುಕೊಳ್ಳುತ್ತಾರೆ: ಇಪ್ಪತ್ತಮೂರು. ದೂರದ ಬಯಲಲ್ಲಿರುವ ಹವಾಮಾನ ಕಂಬದ ಅಂಕಿ ಇಪ್ಪತ್ತೆರಡು. ಎರಡಕ್ಕೂ ಒಂದೇ ಡಿಗ್ರಿ ವ್ಯತ್ಯಾಸ. ಅಕ್ಕನ ಮುಖದಲ್ಲಿ ನಗು.

ಈ ನಗುವಿನ ಹಿಂದೆ ಎರಡು ವರ್ಷದ ಹಟವಿದೆ.

ಕಾಗದದ ಮೇಲೆ ಅವರ ಹುದ್ದೆ ದಾಖಲೆ ಸಹಾಯಕಿ. ಬಾಯಿಮಾತಿನಲ್ಲಿ ಎಲ್ಲರಿಗೂ ‘ಶೇಕಡಾ ಅಕ್ಕ’. ಉರಿಸಿದ ಗ್ಯಾಸಿನ ಶಾಖ ನೂರು ಪಾಲಾದರೆ, ಅದರಲ್ಲಿ ಎಷ್ಟು ಪಾಲು ತಂತಿಗೆ ಹೋಯಿತು, ಎಷ್ಟು ಚಿಮಣಿಯಲ್ಲಿ ಹಾರಿಹೋಯಿತು ಎಂದು ದಿನವೂ ಲೆಕ್ಕ ಹಾಕುವುದು ಅವರ ಕೆಲಸ. ಪರದೆಯ ಮೇಲೆ ಕಂಪ್ಯೂಟರೂ ಅದನ್ನು ತೋರಿಸುತ್ತದೆ. ಆದರೂ ಅಕ್ಕ ಅರವತ್ತನಾಲ್ಕು ಅಂಕಿಗಳನ್ನು ಕೈಯಾರೆ ಬರೆದು, ತಾವೇ ಕೂಡಿ ಕಳೆದು ನೋಡದ ಹೊರತು ಚಹಾ ಮುಟ್ಟುವುದಿಲ್ಲ.

ಯಂತ್ರ ಹೇಗೆ ನಡೆಯುತ್ತದೆ ಎಂದು ಕೇಳಿದರೆ ಸಾಕು, ಅವರು ಮನೆಯ ವಿಚಾರ ಹೇಳುವಂತೆ ಶುರುಮಾಡುತ್ತಾರೆ. “ಗಾಳಿ ಎಳ್ಕೊಳ್ಳುತ್ತೆ, ಅದನ್ನ ಒತ್ತಿ ಒತ್ತಿ ಬಿಗಿ ಮಾಡುತ್ತೆ, ಅದರೊಳಗೆ ಗ್ಯಾಸ್ ಉರಿಸುತ್ತೆ. ಆ ಬಿಸಿ ಗಾಳಿ ನುಗ್ಗಿ ಬಂದು ಚಕ್ರ ತಿರುಗಿಸುತ್ತೆ. ಆದ್ರೆ ದುಡಿದ ಮೂರು ಪಾಲಲ್ಲಿ ಎರಡು ಪಾಲು ಮತ್ತೆ ಗಾಳಿ ಒತ್ತೋಕೇ ಹೋಗುತ್ತೆ. ಮಿಕ್ಕ ಒಂದು ಪಾಲೇ ನಮಗೆ. ಪಾಪ, ದೊಡ್ಡ ಸಂಸಾರದ ಯಜಮಾನನ ಹಾಗೆ, ದುಡಿದಿದ್ದೆಲ್ಲ ಮನೆಗೇ ಆಗ್ಬಿಡುತ್ತೆ.”

ಮನೆಯಲ್ಲಿ ಈ ವಿದ್ಯೆಗೆ ಅಷ್ಟೇನೂ ಮರ್ಯಾದೆಯಿಲ್ಲ. ಎಂಬತ್ತರ ಅಂಚಿನಲ್ಲಿರುವ ಅತ್ತೆ ಒಮ್ಮೆ ಕೇಳಿದರಂತೆ: “ನೂರಕ್ಕೆ ಮೂವತ್ತೊಂದು ಅಂದ್ರೆ ಫೇಲೇ ಅಲ್ವೇನೇ? ಅದನ್ನ ಎಲ್ಲರ ಮುಂದೆ ಹೇಳ್ಕೊಂಡು ಬೇರೆ ಓಡಾಡ್ತೀಯಾ?” ಫ್ರಿಜ್ಜಿನ ಮೇಲಿನ ಅರೆಯ ತುಂಬ ಸೊಸೆ ಐಸ್ ಕಟ್ಟಿಡುತ್ತಾಳೆ ಎಂಬುದು ಅವರ ಇನ್ನೊಂದು ದೂರು. ಆ ಐಸ್ ಥರ್ಮಾಮೀಟರ್‌ಗಳ ಸಲುವಾಗಿ. ಪುಡಿಮಾಡಿದ ಐಸಿಗೆ ನೀರು ಬೆರೆಸಿ ಫ್ಲಾಸ್ಕಿನಲ್ಲಿಟ್ಟರೆ ಅದರ ಬಿಸಿ ಸರಿಯಾಗಿ ಸೊನ್ನೆ. ಅದರಲ್ಲಿ ಅದ್ದಿದಾಗ ಸೊನ್ನೆ ತೋರಿಸಿದ ಥರ್ಮಾಮೀಟರನ್ನು ಮಾತ್ರ ಅಕ್ಕ ನಂಬುತ್ತಾರೆ.

ಇಪ್ಪತ್ತೆರಡು ವರ್ಷದ ಹಿಂದೆ, ಗಂಡ ತೀರಿಕೊಂಡ ಮೇಲೆ, ಮೂರು ವರ್ಷದ ಮಗಳನ್ನು ಅತ್ತೆಯ ಮಡಿಲಲ್ಲಿ ಬಿಟ್ಟು ಅವರು ಇಲ್ಲಿ ಮೀಟರ್ ಓದುವ ಕೆಲಸಕ್ಕೆ ಸೇರಿದರು. ಎರಡನೇ ಯಂತ್ರ ಮೊದಲ ಸಲ ತಿರುಗಿದ್ದೂ ಅದೇ ವರ್ಷ. ಓದಿದ ಅಂಕಿಗಳಿಗೆ ಅರ್ಥವೇನು ಎಂದು ಕೇಳಿದಾಗ ಆಗಿನ ಎಂಜಿನಿಯರೊಬ್ಬರು, “ಬರೆಯೋಕೆ ಬಂದಿದ್ದೀರಿ, ಬರೀರಿ ಸಾಕು” ಎಂದಿದ್ದರು. ಅಕ್ಕ ಯಂತ್ರದ ಕೈಪಿಡಿಯ ಕೊನೆಯ ಪುಟಗಳನ್ನು ದಿನಕ್ಕೊಂದರಂತೆ ನಕಲು ಮಾಡಿಕೊಂಡು, ಊಟದ ಬಿಡುವಿನಲ್ಲಿ ಕೂತು ಲೆಕ್ಕ ಕಲಿತರು. ಎಡಗಿವಿ ಈಗ ಅರ್ಧ ಮಾತ್ರ ಕೇಳಿಸುತ್ತದೆ, ಮೊಣಕಾಲು ಮಾತು ಕೇಳುವುದೇ ಇಲ್ಲ. ಲೆಕ್ಕ ಮಾತ್ರ ಕೈಬಿಟ್ಟಿಲ್ಲ.

ಎರಡೂಕಾಲು ವರ್ಷದ ಹಿಂದೆ ಎರಡನೇ ಯಂತ್ರಕ್ಕೆ ಗ್ರಹಚಾರ ಶುರುವಾಯಿತು. ಅದರ ಅಂಕಿ ಮೂವತ್ತೂವರೆಗಿಂತ ಕೆಳಗಿಳಿಯಿತು. ಎರಡು ವರ್ಷ ಮೂವತ್ತೊಂದಕ್ಕಿಂತ ಕೆಳಗೇ ಉಳಿದ ಯಂತ್ರವನ್ನು ನಿಲ್ಲಿಸಿಬಿಡಬೇಕು ಎಂಬುದು ನಿಯಮ. ನಿಂತರೆ ಅದು ಗುಜರಿಗೆ, ಅದರ ನಲವತ್ತು ಮಂದಿ ದಿಕ್ಕಿಗೊಬ್ಬರಂತೆ ಬೇರೆ ಬೇರೆ ಸ್ಥಾವರಗಳಿಗೆ. ‘ವಯಸ್ಸಾಯಿತು’ ಎಂದು ಎಲ್ಲರೂ ತಲೆಯಾಡಿಸಿದರು.

ಅದೇ ದಿನಗಳಲ್ಲೊಂದು ಬೆಳಿಗ್ಗೆ, ಜಾಲರಿ ಬದಲಾಯಿಸುತ್ತಿದ್ದ ಫಿಟ್ಟರನ್ನು ಕರೆಯಲೆಂದು ಅಕ್ಕ ಮೇಲೆ ಹತ್ತಿದರು. ಕೆನ್ನೆಗೆ ಬಿಸಿಗಾಳಿ ತಾಗಿತು. ಕೆಳಗೆ ಚಳಿ, ಮೇಲೆ ಬಿಸಿ! ಬಗ್ಗಿ ನೋಡಿದರೆ ಕೆಳಗಡೆ ಎಣ್ಣೆ ತಂಪು ಮಾಡುವ ಫ್ಯಾನುಗಳು. ಅವು ಉಗುಳಿದ ಬಿಸಿಗಾಳಿ ಗೋಡೆ ಹಿಡಿದು ಮೇಲೇರಿ ಯಂತ್ರದ ಬಾಯಿಗೇ ಹೋಗುತ್ತಿತ್ತು. ಮರುದಿನ ಥರ್ಮಾಮೀಟರ್ ಹಿಡಿದು ಹತ್ತಿದರು. ಕಂಬದ ಹತ್ತಿರ ಇಪ್ಪತ್ತೆರಡು, ಬಾಯಿಯ ಹತ್ತಿರ ಮೂವತ್ತೊಂದು ಡಿಗ್ರಿ.

“ಬಿಸಿಗಾಳಿ ಎಳೆದ್ರೆ ಎಂಥಾ ಹೊಸ ಯಂತ್ರನೂ ಸೊರಗುತ್ತೆ. ಅದಕ್ಕೇ ಲೆಕ್ಕದಲ್ಲಿ ಬಿಸಿಲಿಗೆ ಅಂತ ಒಂದಿಷ್ಟು ರಿಯಾಯಿತಿ ಕೊಡ್ತಾರೆ,” ಎನ್ನುತ್ತಾರೆ ಅಕ್ಕ. “ನಾವು ಕಂಬ ನೋಡ್ಕೊಂಡು ರಿಯಾಯಿತಿ ಕೊಡ್ತಿದ್ವಿ. ಅದು ಕುಡೀತಿದ್ದ ಗಾಳಿಯನ್ನ ಯಾರೂ ಮುಟ್ಟಿ ನೋಡಿರ್ಲಿಲ್ಲ. ಒಂಬತ್ತು ಡಿಗ್ರಿ ಅನ್ಯಾಯ!”

ಅಂದಿನಿಂದ ದಿನವೂ ಮೆಟ್ಟಿಲು ಹತ್ತಿ ಎರಡೂ ಅಂಕಿ ಬರೆದರು. ಬಾಯಿಯ ಬಿಸಿ ಹಿಡಿದು ಲೆಕ್ಕ ಹಾಕಿದರೆ ಯಂತ್ರ ಪ್ರತಿ ತಿಂಗಳೂ ಮೂವತ್ತೊಂದರ ಮೇಲೆಯೇ ನಿಲ್ಲುತ್ತಿತ್ತು. ಪುಸ್ತಕ ತೋರಿಸಿದಾಗ ಮುಖ್ಯ ಎಂಜಿನಿಯರ್, “ಅಕ್ಕಾ, ಕೈಬರಹದ ಪುಸ್ತಕ ಸಾಕ್ಷಿ ಆಗಲ್ಲ” ಎಂದರು. ಅಕ್ಕ ಪಟ್ಟು ಬಿಡಲಿಲ್ಲ. ಕೊನೆಗೆ, ಯಂತ್ರವನ್ನು ನಿಲ್ಲಿಸುವ ಮುಂಚೆ ಒಂದೇ ಒಂದು ಪರೀಕ್ಷೆ, ಅದೂ ಬಾಯಿಯಲ್ಲೇ ಬಿಸಿ ಅಳೆದು, ಎಂದು ತೀರ್ಮಾನವಾಯಿತು. ಹೊರಗಿನಿಂದ ಪರೀಕ್ಷಕರೊಬ್ಬರನ್ನು ಕರೆಸಿದರು. ಕೈಬರಹದ ವಿಚಾರದಲ್ಲಿ ಅವರದೂ ಅದೇ ಮಾತು: “ಇವತ್ತಿನ ಅಂಕಿ ಏನು ಹೇಳುತ್ತೋ ಅದೇ.”

ಮೂರು ತಿಂಗಳ ಹಿಂದಿನ ಆ ದಿನವನ್ನು ಇಲ್ಲಿ ಯಾರೂ ಮರೆತಿಲ್ಲ. ಒಂದು ವಾರದಿಂದ ಧೂಳುಗಾಳಿ ಬೀಸಿ ಯಂತ್ರದ ಒಳಗಿನ ರೆಕ್ಕೆಗಳಿಗೆ ಮಣ್ಣು ಹಿಡಿದಿತ್ತು; ಅಂಥ ದಿನ ಅಂಕಿ ತುಸು ಇಳಿಯುವುದು ಸಹಜ. ನಾಲ್ಕು ಗಂಟೆ ಅಳತೆ ನಡೆಯಿತು. ಕೊನೆಗೆ ಪರದೆಯ ಮೇಲೆ ಮೂಡಿದ್ದು 31.06. ನಲವತ್ತು ಮಂದಿಯೂ ಕೂಗಿದರು. ಫಿಟ್ಟರ್ ಸಿಹಿ ತರಲು ಆಗಲೇ ಆಳು ಕಳಿಸಿದ್ದ.

ಅಕ್ಕ ಮಾತ್ರ ಮತ್ತೆ ಮೆಟ್ಟಿಲು ಹತ್ತಿ ನಾಲ್ಕೂ ಥರ್ಮಾಮೀಟರ್ ಬಿಚ್ಚಿಕೊಂಡು ಬಂದರು. ಅಳೆಯುವ ಮುಂಚೆ ಐಸಿನಲ್ಲಿ ಅದ್ದಿ ನೋಡುವುದು ಎಲ್ಲ ಕಡೆಯೂ ಉಂಟು. ಅಳೆದಾದ ಮೇಲೂ ಅದ್ದಿ ನೋಡುವುದು ಅಕ್ಕನ ಪದ್ಧತಿ. ಬೇಡವೆಂದು ಹೇಳಿದವರೂ ಇಲ್ಲ, ಮಾಡಿ ಎಂದವರೂ ಇಲ್ಲ. ಮೂರು ಸೊನ್ನೆಗೆ ನಿಂತವು. ನಾಲ್ಕನೆಯದು ಐಸಿನಲ್ಲಿದ್ದುಕೊಂಡೇ ನಾಲ್ಕು ಡಿಗ್ರಿ ತೋರಿಸಿತು.

ಬಿಸಿ ಹೆಚ್ಚು ತೋರಿಸಿದರೆ ರಿಯಾಯಿತಿಯೂ ಹೆಚ್ಚು ಸಿಕ್ಕಿರುತ್ತದೆ. ನಾಲ್ಕರ ಸರಾಸರಿಯಲ್ಲಿ ಒಂದು ಡಿಗ್ರಿ. ಒಂದು ಡಿಗ್ರಿಗೆ 0.08 ಕಳೆಯಬೇಕು. ಇಪ್ಪತ್ತೆರಡು ವರ್ಷ ಲೆಕ್ಕ ಮಾಡಿದ ತಲೆಗೆ ಪೆನ್ಸಿಲ್ ಬೇಕಾಗಲಿಲ್ಲ: 30.98. ಕೋಣೆಯಲ್ಲಿ ಅವರ ಹೊರತು ಯಾರೂ ಇರಲಿಲ್ಲ. ಫ್ಲಾಸ್ಕಿನ ನೀರು ಚೆಲ್ಲಿ ಮನೆಗೆ ಹೋಗಿದ್ದರೆ ಕೇಳುವವರಿರಲಿಲ್ಲ.

“ಹೋಗೋಣ ಅನ್ನಿಸ್ತು. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಎರಡು ವರ್ಷ ನಾನು ಜಗಳ ಆಡಿದ್ದೇ ತಪ್ಪು ಥರ್ಮಾಮೀಟರ್ ನಂಬಬೇಡಿ ಅಂತ. ನನಗೆ ಅನುಕೂಲ ಆದಾಗ ನಂಬೋದು ಹೇಗೆ?”

ಫ್ಲಾಸ್ಕನ್ನೇ ಎತ್ತಿಕೊಂಡು ಹೋಗಿ ಪರೀಕ್ಷಕರ ಮೇಜಿನ ಮೇಲಿಟ್ಟರು. ಹೊಸ ಅಂಕಿಯನ್ನು ತಾವೇ ಬರೆದುಕೊಟ್ಟರು. ಫಿಟ್ಟರ್ ಅಂದು ಅಕ್ಕನ ಜೊತೆ ಮಾತೇ ಆಡಲಿಲ್ಲ. “ಕೈಗೆ ಬಂದ ತುತ್ತನ್ನ ನೀವೇ ತಟ್ಟಿ ಬೀಳಿಸಿದ್ರಲ್ಲ, ಅಕ್ಕಾ” ಎಂದು ಮುಖ್ಯ ಎಂಜಿನಿಯರ್ ತಲೆ ಹಿಡಿದು ಕೂತರು. ಅಕ್ಕ ಬಟ್ಟೆ ಒಗೆಯುವ ಕೋಣೆಯ ಹಿಂದೆ ಹೋಗಿ ಅತ್ತರು. ಇದನ್ನು ಅವರೇ ಹೇಳಿದ್ದು, ನಾಚಿಕೆಯಿಲ್ಲದೆ.

ಪರೀಕ್ಷಕರು ಬಹಳ ಹೊತ್ತು ಆ ಥರ್ಮಾಮೀಟರನ್ನು ಐಸಿನಿಂದ ತೆಗೆಯುತ್ತಾ, ಅದ್ದುತ್ತಾ ಕೂತಿದ್ದರು. ಆಮೇಲೆ ಅಕ್ಕನನ್ನು ಕರೆಸಿದರು. “ಅಮ್ಮಾ, ನಿಮ್ಮ ಆ ಕೈಬರಹದ ಪುಸ್ತಕಗಳಲ್ಲೂ ಅಳೆದ ಮೇಲಿನ ಐಸಿನ ಅಂಕಿ ಇದೆಯಾ?”

“ಪ್ರತಿದಿನದ್ದೂ ಇದೆ, ಸಾರ್. ಕೆಟ್ಟಿದ್ದ ದಿನದ ಲೆಕ್ಕಕ್ಕೆ ಕಾಟು ಹಾಕಿದ್ದೀನಿ.”

“ಎಲ್ಲಾ ತನ್ನಿ.”

ಮೂರು ದಿನ ಕೂತು ಅವರು ಏಳುನೂರು ಬೆಳಗಿನ ಅಂಕಿಗಳನ್ನು ಓದಿದರು. ವರದಿಯಲ್ಲಿ ಪರೀಕ್ಷೆಯ ಫಲ 30.98 ಎಂದೇ ಅಚ್ಚಾಗಿದೆ. ಅದರ ಕೆಳಗೆ, ಈ ಅಂಕಿಯನ್ನು ಇಳಿಸಿದವರೇ ಬರೆದಿಟ್ಟ ಎರಡು ವರ್ಷದ ದಾಖಲೆ ಒಂದು ದಿನದ ಪರೀಕ್ಷೆಗಿಂತ ನಂಬಲರ್ಹ, ಅದರಂತೆ ಯಂತ್ರ ಆರೋಗ್ಯವಾಗಿದೆ, ಇನ್ನೂ ಐದು ವರ್ಷ ನಡೆಸಬಹುದು ಎಂದಿದೆ. ಕಳೆದ ತಿಂಗಳು ಫಿಟ್ಟರ್ ತಾನೇ ನಿಂತು ಫ್ಯಾನುಗಳಿಗೂ ಬಾಯಿಗೂ ನಡುವೆ ತಗಡಿನ ಗೋಡೆ ಎಬ್ಬಿಸಿದ್ದಾನೆ. ಯಂತ್ರ ಈಗ ತಣ್ಣನೆಯ ಗಾಳಿ ಎಳೆಯುತ್ತಿದೆ.

ಕ್ಯಾಂಟೀನಿನಲ್ಲಿ ಚಹಾ ಕೊಡುವವರೂ ಈಗ ‘ಯಂತ್ರ ಉಳಿಸಿದ ಅಕ್ಕ’ ಎಂದು ತೋರಿಸುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಅಕ್ಕನಿಗೆ ಸಿಟ್ಟು. ಇಂದೂ ಲೋಟ ಕೆಳಗಿಟ್ಟು ತಿದ್ದುತ್ತಾರೆ.

“ನಾನೇನೂ ಉಳಿಸ್ಲಿಲ್ಲಪ್ಪ. ಅದು ಚೆನ್ನಾಗೇ ಇತ್ತು. ಮೇಲೊಂದು ಅಪವಾದ ಇತ್ತು, ಅದನ್ನ ತೆಗೆದೆ.”