ಟ್ಯಾಬಿಗೂ ಮುಯ್ಯಾಳು

ನಮ್ಮ ಶಾಲೆಗೆ ಟ್ಯಾಬ್‌ಗಳು ಬಂದ ದಿನ ಮಕ್ಕಳಿಗಿಂತ ಹೆಚ್ಚು ಕುಣಿದವರು ಹೆಡ್ಮಾಸ್ಟರು. ಪ್ರಪಂಚಕ್ಕೆಲ್ಲ ಹೆಸರು ಗೊತ್ತಿರುವ ಒಂದು ದೊಡ್ಡ ಕಂಪನಿ ತಮಿಳುನಾಡಿನ ಗಡಿಯೊಳಗೆ, ಸಾನಮಾವು ಕಾಡಿನ ಮಗ್ಗುಲಲ್ಲಿರುವ ನಮ್ಮ ಕನ್ನಡ ಶಾಲೆಯನ್ನು ಹುಡುಕಿಕೊಂಡು ಬಂದಿತ್ತು. ಆನೆಗಳನ್ನು ಬಿಟ್ಟರೆ ನಮ್ಮನ್ನು ಹುಡುಕಿಕೊಂಡು ಬರುವವರು ಕಡಿಮೆ, ಹಾಗಾಗಿ ಅವರ ಖುಷಿಯಲ್ಲಿ ತಪ್ಪೇನಿರಲಿಲ್ಲ. ನಾನು ಹೊಸೂರಿನಿಂದ ದಿನಾ ರಾಯಕೋಟೆ ಬಸ್ಸಿನಲ್ಲಿ ಬಂದು ಐದನೇ ಕ್ಲಾಸಿಗೆ ಪಾಠ ಹೇಳುವವಳು. ಹೊಸದು ಏನೇ ಬಂದರೂ ಮೊದಲು ಮುಖ ಗಂಟಿಕ್ಕುವುದು ನನ್ನ ಸ್ವಭಾವ.

ಟ್ಯಾಬು ಮೊದಲು ಕೇಳಿದ್ದು ನಿಮ್ಮದು ಯಾವ ರಾಜ್ಯ ಎಂದು. ತಮಿಳುನಾಡು ಎಂದು ಒತ್ತಿದರೆ ಕನ್ನಡವೇ ಕಾಣಲಿಲ್ಲ. ಕರ್ನಾಟಕ ಎಂದು ಒತ್ತಿದೆವು, ಕನ್ನಡ ಬಂತು. ಹೀಗೆ ನಮ್ಮ ಶಾಲೆ ಕೂತಲ್ಲೇ ಗಡಿ ದಾಟಿತು. ಒಳಗಿದ್ದ ಹೆಣ್ಣುದನಿಯೊಂದು ಪ್ರತಿ ಸರಿಯುತ್ತರಕ್ಕೂ ‘ಅದ್ಭುತ!’ ಎನ್ನುತ್ತಿತ್ತು. ವಾರ ಕಳೆಯುವುದರೊಳಗೆ ಮಕ್ಕಳ ಬಾಯಲ್ಲಿ ಮಧ್ಯಾಹ್ನದ ಸಾಂಬಾರೂ ಅದ್ಭುತ, ಮೇಕೆ ಮರಿ ಹಾಕಿದ್ದೂ ಅದ್ಭುತ. ನಾನೋ ಇಷ್ಟು ವರ್ಷ ‘ಪರವಾಗಿಲ್ಲ, ಕೂತ್ಕೊ’ ಎಂದೇ ಹೊಗಳಿಕೊಂಡು ಬಂದವಳು. ನನಗೆ ಹೊಟ್ಟೆಕಿಚ್ಚಾಯಿತು ಎಂದೇ ಇಟ್ಟುಕೊಳ್ಳಿ.

ಈ ಟ್ಯಾಬು ಪ್ರತಿ ಮಗುವನ್ನೂ ಬೇರೆಬೇರೆಯಾಗಿ ಗುರುತಿಟ್ಟುಕೊಳ್ಳುತ್ತದೆ, ಮಗುವಿಗೆ ಎಷ್ಟು ಬರುತ್ತದೆಂದು ನೋಡಿಕೊಂಡು ಮುಂದಿನ ಪಾಠ ಕೊಡುತ್ತದೆ ಎಂದು ಕಂಪನಿಯವರು ಹೇಳಿದ್ದರು. ಹಿಂದೆ ಬಿದ್ದ ಮಕ್ಕಳ ಹೆಸರು ಹೆಡ್ಮಾಸ್ಟರ ಕಂಪ್ಯೂಟರಿನಲ್ಲಿ ಕೆಂಪಾಗಿ ಕಾಣುತ್ತದೆ, ಮುಂದಿರುವವರದು ಹಸಿರಾಗಿ. ಎರಡೇ ತಿಂಗಳಿಗೆ ನನ್ನ ಕ್ಲಾಸು ಪೂರ್ತಿ ಹಸಿರಾಯಿತು. ನನಗೆ ಅನುಮಾನ ಬಂದದ್ದು ಆಗಲೇ.

ಕ್ಲಾಸಿನಲ್ಲಿ ಒಬ್ಬ ಹುಡುಗಿಯಿದ್ದಳು. ಅವರಮ್ಮ ಗುಲಾಬಿ ತೋಟದಲ್ಲಿ ಹೂ ಬಿಡಿಸಲು ಹೋಗುತ್ತಿದ್ದರು. ಹುಡುಗಿ ಲೆಕ್ಕದಲ್ಲಿ ಬಲು ಚೂಟಿ, ಬಾಯಲ್ಲೇ ಕೂಡಿ ಕಳೆದು ಮುಗಿಸುತ್ತಿದ್ದಳು. ಓದು ಮಾತ್ರ ಹತ್ತಿರಲಿಲ್ಲ. ಒತ್ತಕ್ಷರ ಕಂಡರೆ ಅಲ್ಲೇ ನಿಂತುಬಿಡುತ್ತಿದ್ದಳು. ಅಂಥ ಮಕ್ಕಳನ್ನು ಕೊನೆಯ ಪಿರಿಯಡ್ಡಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ ಕೂಡಿಸಿ ಓದಿಸುವುದು ನನ್ನ ರೂಢಿ. ಮುಂದಿನ ವರ್ಷ ಅವಳು ಆರನೇ ಕ್ಲಾಸಿಗೆ ಬೇರೆ ಊರಿನ ದೊಡ್ಡ ಶಾಲೆಗೆ ಹೋಗಬೇಕಿತ್ತು. ಅಲ್ಲಿ ಇವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಯಾರಿಗೆ ಪುರುಸೊತ್ತು? ಅಷ್ಟರೊಳಗೆ ಓದು ಹತ್ತಿಸಲೇಬೇಕೆಂದು ನನಗೆ ಹಟ.

“ಕೆಂಪೇ ಇಲ್ವಲ್ಲಮ್ಮ, ಇನ್ನು ಆ ಪಿರಿಯಡ್ ಯಾಕೆ? ಅದ್ನೂ ಟ್ಯಾಬಿಗೇ ಕೊಟ್ಬುಡಿ” ಎಂದರು ಹೆಡ್ಮಾಸ್ಟರು.

“ಸಾರ್, ಆ ಹುಡ್ಗಿಗೆ ಓದಕ್ಕೆ ಬರಲ್ಲ.”

“ಓದ್ನಲ್ಲಿ ಐದಕ್ಕೆ ಐದು ನಕ್ಷತ್ರ ತಕ್ಕೊಂಡವ್ಳೆ. ಅಷ್ಟು ದೊಡ್ಡ ಕಂಪನಿ ಯಂತ್ರಕ್ಕಿಂತ ನಿಮ್ಗೇ ಜಾಸ್ತಿ ಗೊತ್ತಾ?”

ಗೊತ್ತು ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಪಿರಿಯಡ್ಡು ಹೋಯಿತು.

ಮೂರನೇ ದಿನ ಊಟದ ಹೊತ್ತಿನಲ್ಲಿ ಜಗಲಿಯ ಕಡೆ ಹೋದೆ. ಮಕ್ಕಳು ಗುಂಪುಗುಂಪಾಗಿ ಕೂತಿದ್ದರು. ಚೆನ್ನಾಗಿ ಓದುವ ಒಬ್ಬಳ ಮುಂದೆ ನಾಲ್ಕು ಟ್ಯಾಬು. ಒಂದರ ಕಥೆ ಓದಿ ಉತ್ತರ ಒತ್ತಿ, ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದಳು. ನನ್ನ ಹುಡುಗಿಯ ಮುಂದೂ ಟ್ಯಾಬುಗಳ ಸಾಲು, ಎಲ್ಲರ ಲೆಕ್ಕವನ್ನೂ ಅವಳೊಬ್ಬಳೇ ಬಿಡಿಸುತ್ತಿದ್ದಳು.

“ಏನ್ರೇ ಇದು?”

“ಮುಯ್ಯಾಳು ಟೀಚರ್” ಎಂದಳು ಓದುತ್ತಿದ್ದವಳು, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಈ ಕಡೆ ರಾಗಿ ಪೈರು ನಾಟುವಾಗ, ಅವರೆಕಾಯಿ ಬಿಡಿಸುವಾಗ ಕೂಲಿಗೆ ಜನ ಸಿಗುವುದು ಕಷ್ಟ. ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಅದೇ ಮುಯ್ಯಾಳು. ಯಾರ ಹೊಲದ ಕೆಲಸ ಯಾರು ಮಾಡಿದರು ಎಂದು ಕೇಳುವುದಿಲ್ಲ, ಕೆಲಸ ಆಯಿತೇ ಎಂದಷ್ಟೇ ಕೇಳುತ್ತಾರೆ. ಮೋಸ ಎಂದು ಬೈಯಲು ಬಾಯಿ ತೆರೆದವಳಿಗೆ ನಗು ಬಂದುಬಿಟ್ಟಿತು. ಆ ಮುಖಗಳಲ್ಲಿ ಮೋಸದ ಸುಳಿವೇ ಇರಲಿಲ್ಲ. ನಗುತ್ತಲೇ ಭಯವೂ ಆಯಿತು, ಈ ಹುಡುಗಿ ಹೀಗೇ ಹಸಿರಾಗಿ ಆರನೇ ಕ್ಲಾಸಿಗೆ ಹೋಗಿಬಿಟ್ಟರೆ ಎಂದು.

ಹೆಡ್ಮಾಸ್ಟರಿಗೆ ಹೇಳಿದೆ. ಅವರ ಮುಖ ಸಪ್ಪಗಾಯಿತು. “ಸೋಮವಾರ ಕಂಪನಿಯೋರು ವಿಡಿಯೋ ತೆಗ್ಯಕ್ಕೆ ಬತ್ತಾವ್ರೆ. ಬಂದು ಹೋಗ್ಲಿ, ಆಮೇಲೆ ನೋಡಾಣ” ಎಂದರು.

ಸೋಮವಾರ ಬೆಂಗಳೂರಿನಿಂದ ಒಬ್ಬ ಯುವತಿ ಬಂದಳು, ಜೊತೆಗೆ ಕ್ಯಾಮರಾದವನು. ಶಾಲೆಯಲ್ಲೆಲ್ಲ ಹೆಚ್ಚು ಮುಂದೆ ಬಂದ ಮಗುವನ್ನು ಯಂತ್ರವೇ ಆರಿಸಿ ಕೊಟ್ಟಿತ್ತು. ಯಾರೆಂದು ಬೇರೆ ಹೇಳಬೇಕಾಗಿಲ್ಲ. “ಒಂದು ಕಥೆ ಓದಮ್ಮ” ಎಂದು ಯುವತಿ ಟ್ಯಾಬು ಕೊಟ್ಟಳು. ಇಷ್ಟು ಜನರೆದುರು ಮಗುವಿಗೆ ಅವಮಾನವಾಗುತ್ತದಲ್ಲ ಎಂದು ಎದ್ದು ನಿಂತೆ.

ಹುಡುಗಿ ನನಗಿಂತ ಮೊದಲೇ ಮಾತಾಡಿದಳು. “ನಂಗೆ ಓದಕ್ಕೆ ಬರಲ್ಲ ಅಕ್ಕ. ನಂದೆಲ್ಲ ಅವ್ಳು ಓದ್ಕೊಟ್ಟವ್ಳೆ. ಅವ್ಳ ಲೆಕ್ಕವೆಲ್ಲ ನಾನು ಮಾಡ್ಕೊಟ್ಟಿವ್ನಿ. ಮುಯ್ಯಾಳು.”

ಅಳುಕಿಲ್ಲ, ನಾಚಿಕೆಯಿಲ್ಲ. ಯುವತಿ ಹೆಡ್ಮಾಸ್ಟರ ಮುಖ ನೋಡಿದಳು. ಅವರೂ ರಾಗಿ ಹೊಲದಲ್ಲೇ ಬೆಳೆದವರು. ಬೆವರು ಒರೆಸಿಕೊಳ್ಳುತ್ತಾ ಮುಯ್ಯಾಳೆಂದರೇನೆಂದು ವಿವರಿಸಿದರು. ಯುವತಿ ಜೋರಾಗಿ ನಕ್ಕಳು. ನಗು ನಿಂತ ಮೇಲೆ, “ಒಬ್ಬರ ಕೆಲಸ ಇನ್ನೊಬ್ಬರು ಮಾಡಿಕೊಡಬಹುದು ಅಂತ ಇದನ್ನ ಮಾಡಿದವರಿಗೆ ಹೊಳೆದೇ ಇಲ್ಲ” ಎಂದಳು. ಒಳ್ಳೆಯವಳು. ಕ್ಯಾಮರಾ ನಿಲ್ಲಿಸಿ, ಮಕ್ಕಳ ಜೊತೆ ಜಗಲಿಯ ಮೇಲೆ ಕೂತು ಊಟ ಮಾಡಿ ಹೋದಳು.

ಆಮೇಲೆ ಕಂಪನಿಯವರು ಎಲ್ಲರ ನಕ್ಷತ್ರಗಳನ್ನೂ ಅಳಿಸಿ ಮೊದಲಿನಿಂದ ಶುರು ಮಾಡಿದರು. ಅರ್ಧ ಕ್ಲಾಸು ಒಣಗಲು ಹರವಿದ ಮೆಣಸಿನಕಾಯಿಯ ಹಾಗೆ ಕೆಂಪಾಯಿತು. ಅಷ್ಟು ಕೆಂಪು ನೋಡಿ ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು. ಹೆಡ್ಮಾಸ್ಟರು ಕೊನೆಯ ಪಿರಿಯಡ್ಡನ್ನು ವಾಪಸು ಕೊಟ್ಟರು. ಗಿಡಕ್ಕೆ ನೀರು ಹಾಕುವುದಕ್ಕೆ, ಕಸ ಗುಡಿಸುವುದಕ್ಕೆ ಮುಯ್ಯಾಳು ಇರಲಿ, ಓದುವುದಕ್ಕೆ ಬೇಡ ಎಂದು ಮಕ್ಕಳಿಗೆ ಹೇಳಿದೆ. ಟ್ಯಾಬನ್ನು ನಾನೇ ಹುಡುಗಿಯ ಮುಂದಿಟ್ಟು ಓದಿಸತೊಡಗಿದೆ. ಇದ್ದದ್ದು ಇದ್ದ ಹಾಗೆ ಹೇಳಬೇಕು: ಒಂದೇ ಸಾಲನ್ನು ಎಷ್ಟು ಸಲ ಕೇಳಿದರೂ ಅದು ಬೇಸರವಿಲ್ಲದೆ ಹೇಳಿಕೊಡುತ್ತದೆ. ಅಷ್ಟು ತಾಳ್ಮೆ ನನಗಿಲ್ಲ. ತಪ್ಪು ಓದಿದಾಗ ಮಗುವಿನ ಮುಖ ಬಾಡುವುದು ಅದಕ್ಕೆ ಕಾಣುವುದಿಲ್ಲ, ನನಗೆ ಕಾಣುತ್ತದೆ. ಇಬ್ಬರೂ ಸೇರಿ ಚೆನ್ನಾಗಿಯೇ ಸಂಸಾರ ಮಾಡಿದೆವು.

ಬೇಸಿಗೆ ರಜೆ ಹತ್ತಿರವಾದಾಗ ಒಂದು ಮಧ್ಯಾಹ್ನ ಅವಳು ಒಂದು ಪುಟದ ಕಥೆಯನ್ನು ಬೆರಳಿಟ್ಟುಕೊಂಡು, ಒತ್ತಕ್ಷರಗಳ ಹತ್ತಿರ ಉಸಿರು ಹಿಡಿದು, ಕೊನೆಯವರೆಗೂ ತಾನೇ ಓದಿದಳು. ಪ್ರಶ್ನೆಗಳಿಗೆ ತಾನೇ ಉತ್ತರ ಒತ್ತಿದಳು. ಐದರಲ್ಲಿ ಎರಡು ನಕ್ಷತ್ರ ಬಂತು.

ಪಕ್ಕದಲ್ಲಿದ್ದ ಗೆಳತಿಗೆ ತಡೆಯಲಾಗಲಿಲ್ಲ. “ಇಲ್ಲಿ ಕೊಡೇ, ಮಿಕ್ಕಿದ್ದು ನಾನು ತಕ್ಕೊಡ್ತೀನಿ” ಎಂದು ಕೈ ಚಾಚಿದಳು.

ನನ್ನ ಹುಡುಗಿ ಟ್ಯಾಬನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಳು.

“ಬ್ಯಾಡ ಕಣೇ. ಈ ಎರಡು ನಂದು.”