ಯಾರದೂ ಅಲ್ಲದ ಬಾಟ್ಲಿ

ಮೂತ್ರದಲ್ಲಿ ಎನ್‌ಜೈಮ್ ಅನ್ನುವುದು ಹೆಚ್ಚಿದ್ದರೆ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದರ್ಥವಂತೆ. ಹಾಗೆಂದು ಡಾಕ್ಟರು ಪರೀಕ್ಷೆ ಬರೆದುಕೊಟ್ಟಿದ್ದರು. ಹರಿಹರದಿಂದ ಬಸ್ಸು ಹತ್ತಿ ದಾವಣಗೆರೆಯ ಲ್ಯಾಬಿಗೆ ಹೋದರೆ, ಪರೀಕ್ಷೆ ಮಾಡುವವಳು ನನ್ನ ಮೊಮ್ಮಗಳೇ! ಬಿಳಿ ಕೋಟಿನಲ್ಲಿ ಅವಳನ್ನು ಕಂಡು ಬಂದ ಕೆಲಸವೇ ಮರೆತುಹೋಯಿತು.

ಅವಳು ನನ್ನ ಮೂತ್ರದ ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಫ್ರಿಜ್ಜಿನಿಂದ ಬೇರೊಂದು ಪುಟ್ಟ ಬಾಟ್ಲಿ ತೆಗೆದು, ನೊರೆ ಏಳದಂತೆ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ಒಂದಿಷ್ಟನ್ನು ಮೆಷಿನ್ನಿಗೆ ಹಾಕಿದಳು.

“ಅದೂ ಮೂತ್ರನೇನವ್ವಾ?”

“ಹೂಂ ಅಜ್ಜಿ.” ಸ್ವಲ್ಪ ಹೊತ್ತಿಗೆ ನಕ್ಕಳು. “ಎನ್‌ಜೈಮ್ ಭಾಳ ಜಾಸ್ತಿ ಐತೆ. ಸರಿಯಾಗಿ ಬಂತು!”

ಯಾರದೋ ಕಿಡ್ನಿ ಕೆಟ್ಟರೆ ಇವಳಿಗೇಕೆ ಇಷ್ಟು ಖುಷಿ? ತಲೆಬುಡ ತಿಳಿಯದೆ ಸೆರಗಿನ ಗಂಟು ಬಿಚ್ಚಿ ವಿಭೂತಿಯ ಪೊಟ್ಟಣ ಚಾಚಿದೆ. “ಪಾಪ, ಆ ಪೇಷೆಂಟಿಗೆ ಹಚ್ಚವ್ವ.”

“ಅಯ್ಯೋ, ಅದು ಯಾವ ಪೇಷೆಂಟಿಂದೂ ಅಲ್ಲ ಅಜ್ಜಿ! ಮೆಷಿನ್ನು ನಿಜ ಹೇಳ್ತೈತೋ ಇಲ್ಲೋ ನೋಡಾಕೆ ಕಂಪನಿಯವ್ರು ಮಾಡಿ ಕಳಿಸ್ತಾರೆ. ಎಷ್ಟು ಬರಬೇಕು ಅಂತ ಮೊದ್ಲೇ ಗೊತ್ತಿರ್ತೈತೆ.”

“ಗೊತ್ತಿದ್ದ ಮ್ಯಾಲೆ ಮತ್ಯಾಕ ಕೇಳ್ತೀ?”

“ಗೊತ್ತಿರೋದನ್ನೇ ಮೆಷಿನ್ನು ತಪ್ಪು ಹೇಳಿದ್ರೆ, ನಿಂದು ಹೆಂಗ್ ನಂಬಲಿ?”

ಆಮೇಲೆ ನನ್ನದನ್ನು ಹಾಕಿದಳು. ವಿಭೂತಿಯ ಪೊಟ್ಟಣ ಹಿಡಿದುಕೊಂಡೇ ಕೂತೆ.

“ನಾರ್ಮಲ್ ಐತಜ್ಜಿ. ಕಿಡ್ನಿ ಚೆನ್ನಾಗೈತೆ.”

ಪೇಷೆಂಟೇ ಇಲ್ಲದ ಮೂತ್ರಕ್ಕೆ ರೋಗ ಹೇಗೆ ಬಂತೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಆವತ್ತು ಸಂತೋಷ ತಡೆಯಲಾರದೆ, ಪೊಟ್ಟಣ ಬಿಚ್ಚಿ ವಿಭೂತಿಯನ್ನು ಅವಳ ಹಣೆಗೆ ಹಚ್ಚಿದೆ. ನಿಜ ಹೇಳಿದ ಮೆಷಿನ್ನಿಗೂ ಹಚ್ಚೋಣವೆಂದು ಕೈ ಚಾಚಿದೆ.

“ಅಜ್ಜೀ, ಅದನ್ನ ಮುಟ್ಟಬ್ಯಾಡ!”